ವಿದಾಯ ಬಲ್ಲ ಅಭಿಮಾನ, ವಿದಾಯ ಒಲ್ಲದ ಅಭಿಮಾನ

1977ರ ಜುಲೈ ತಿಂಗಳಲ್ಲಿ ಟೋಕಿಯೊದ ಹಿಬಿಯಾ ಉದ್ಯಾನದ ಬಯಲು ರಂಗಮಂದಿರದಲ್ಲಿ ಹಾಡುತ್ತಿದ್ದ ಕ್ಯಾಂಡೀಸ್ ಎಂಬ ಮೂವರು ಯುವತಿಯರ ತಂಡ, ಮ್ಯಾನೇಜರರಿಗಾಗಲಿ ಕಂಪನಿಗಾಗಲಿ ಒಪ್ಪಿಗೆ ಕೇಳದೆ, ತಾವು ಮತ್ತೆ ಸಾಮಾನ್ಯ ಹುಡುಗಿಯರಾಗಲು ಬಯಸಿದ್ದೇವೆಂದು ವೇದಿಕೆಯ ಮೇಲಿಂದಲೇ ಅಳುತ್ತ ಹೇಳಿಬಿಟ್ಟಿತು. ಆಗ ಅವರು ಜನಪ್ರಿಯತೆಯ ತುದಿಯಲ್ಲಿದ್ದರು. ಕಂಪನಿಯವರು ಗಾಬರಿಯಾಗಿ ಮಾತುಕತೆ ನಡೆಸಿ, ಮುಂದಿನ ವಸಂತದವರೆಗಾದರೂ ಹಾಡುವಂತೆ ಅವರನ್ನು ಒಪ್ಪಿಸಿದರು. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಹುಡುಗಿಯರ ಧೈರ್ಯಕ್ಕಿಂತಲೂ ಅವರ ಅಭಿಮಾನಿಗಳು ಆಮೇಲೆ ಮಾಡಿದ ಕೆಲಸ. ಬಿಟ್ಟುಹೋಗಬೇಡಿ ಎಂದು ಗೋಗರೆಯುವುದರಲ್ಲಿ ಅವರು ಹೆಚ್ಚು ಕಾಲ ಕಳೆಯಲಿಲ್ಲ. ಅಲ್ಲಿಯವರೆಗೆ ಕ್ಯಾಂಡೀಸ್‌ನ ಒಂದು ಹಾಡೂ ಜಪಾನಿನ ರೆಕಾರ್ಡು ಮಾರಾಟದ ಒರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿರಲಿಲ್ಲ. ಕೊನೆಯ ಸಿಂಗಲ್ ಆದರೂ ಏರಲಿ ಎಂದು ಊರೂರಿನ ಕಾಲೇಜು ಹುಡುಗರು ಸಂಘಟಿತರಾಗಿ ರೆಕಾರ್ಡುಗಳನ್ನು ಕೊಂಡು ಅದನ್ನು ಮೇಲೇರಿಸಿದರು. 1978ರ ಏಪ್ರಿಲ್ 4ರಂದು ಕೊರಾಕುಯೆನ್ ಕ್ರೀಡಾಂಗಣದಲ್ಲಿ ಸುಮಾರು 55,000 ಜನ ಸೇರಿ ಅವರನ್ನು ಕಳುಹಿಸಿಕೊಟ್ಟರು.

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ನಾನು, ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳ ಕೊರಿಯಾದ ಹುಚ್ಚನ್ನೂ ಇಲ್ಲಿನ ಸಹೋದ್ಯೋಗಿಗಳ ಜಪಾನೀ ಹುಚ್ಚನ್ನೂ ಏಕಕಾಲದಲ್ಲಿ ನೋಡುತ್ತ ಬಂದಿದ್ದೇನೆ. ಯಾವುದರ ಸಂಗೀತ ಮೇಲು, ಯಾರ ಕುಣಿತ ಚುರುಕು ಎಂಬ ವಾದಗಳು ನನಗೆ ಬೇಗನೆ ಬೇಸರ ತರಿಸುತ್ತವೆ. ಐಡಲ್ ಎಂದು ಕರೆಯುವ ಹಾಡಿ ಕುಣಿಯುವ ಯುವತಾರೆಯರ ಸುತ್ತ ಎರಡೂ ದೇಶಗಳಲ್ಲಿ ಬೆಳೆದ ಸಂಸ್ಕೃತಿಯ ನಿಜವಾದ ವ್ಯತ್ಯಾಸ ಎದ್ದು ಕಾಣುವುದು ಹಾಡಿನಲ್ಲಿ ಅಲ್ಲವೇ ಅಲ್ಲ, ತಂಡವೊಂದು ಮುಗಿಯುವ ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಜಪಾನಿನ ಅಭಿಮಾನಿಗೆ ಮುಗಿಸಿಕೊಡುವ ಒಂದು ವಿಧಿ ತಲೆಮಾರುಗಳಿಂದ ಗೊತ್ತಿದೆ. ಕೊರಿಯಾದ ಅಭಿಮಾನಿಗೆ ಗೆಲ್ಲಿಸುವುದು ಗೊತ್ತು, ಕಾಯುವುದು ಗೊತ್ತು, ಕಾದಾಡುವುದೂ ಗೊತ್ತು; ಮುಗಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಕ್ಯಾಂಡೀಸ್ ಹೋದ ಎರಡು ವರ್ಷಗಳ ನಂತರ, 1980ರ ಅಕ್ಟೋಬರಿನಲ್ಲಿ, ಯಮಾಗುಚಿ ಮೊಮೊಯೆ ಎಂಬ ಗಾಯಕಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮದುವೆಗಾಗಿ ನಿವೃತ್ತಳಾದಳು. ನಿಪ್ಪೊನ್ ಬುದೊಕಾನ್ ಸಭಾಂಗಣದ ವಿದಾಯ ಕಾರ್ಯಕ್ರಮದ ಕೊನೆಯ ಹಾಡು ಮುಗಿದಾಗ ಆಕೆ ಬಿಳಿಯ ಮೈಕನ್ನು ವೇದಿಕೆಯ ನೆಲದ ಮೇಲೆ ಇಟ್ಟು ಹಿಂದಕ್ಕೆ ನಡೆದಳು, ಮತ್ತೆ ಎಂದೂ ವೇದಿಕೆಗೆ ಬರಲಿಲ್ಲ. ಆ ದೃಶ್ಯವನ್ನು ಜಪಾನಿನ ಟಿವಿ ಇಂದಿಗೂ ತೋರಿಸುತ್ತದೆ. 1985ರಲ್ಲಿ ಅಕಿಮೊಟೊ ಯಾಸುಶಿ ಎಂಬ ಗೀತರಚನೆಕಾರ ಹಾಡು ಬರೆದುಕೊಟ್ಟ ಓನ್ಯಾಂಕೊ ಕ್ಲಬ್ ಎಂಬ ದೊಡ್ಡ ತಂಡದಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಹೊರಹೋಗುವುದನ್ನು ಶಾಲೆ ಮುಗಿಸಿ ಹೊರಡುವಂತೆ ಆಚರಿಸುವ ರೂಢಿ ಬಲವಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಮಾರ್ನಿಂಗ್ ಮುಸುಮೆ ಅದನ್ನು ಒಂದು ವ್ಯವಸ್ಥೆಯನ್ನಾಗಿಯೇ ಮಾಡಿಕೊಂಡಿತು. ಹಳಬರು ಪದವಿ ಪಡೆದು ಹೋಗುತ್ತಾರೆ, ಹೊಸ ತಲೆಮಾರು ಸೇರುತ್ತದೆ, ತಂಡ ನಿಲ್ಲುವುದಿಲ್ಲ. ಮೊದಲ ದಿನ ಹಾಡಿದವರಲ್ಲಿ ಒಬ್ಬರೂ ಇಲ್ಲದಿದ್ದರೂ ಮಾರ್ನಿಂಗ್ ಮುಸುಮೆ ಇಂದಿಗೂ ಇದೆ.

ಇದೆಲ್ಲ ಪರಾಕಾಷ್ಠೆ ತಲುಪಿದ್ದು ಅದೇ ಅಕಿಮೊಟೊ 2005ರಲ್ಲಿ ಆರಂಭಿಸಿದ ಎಕೆಬಿ48 ತಂಡದಲ್ಲಿ. ಅಕಿಹಾಬಾರಾದಲ್ಲಿ ಡಾನ್ ಕಿಹೋಟೆ ಎಂಬ ಅಗ್ಗದ ಸಾಮಾನಿನ ಅಂಗಡಿ ಇರುವ ಕಟ್ಟಡದ ಎಂಟನೆಯ ಮಹಡಿಯಲ್ಲಿ ಅವರ ರಂಗಮಂದಿರವಿದೆ. 250 ಜನರಿಗಷ್ಟೇ ಜಾಗ. ಆ ವರ್ಷದ ಡಿಸೆಂಬರ್ 8ರ ಮೊದಲ ಪ್ರದರ್ಶನಕ್ಕೆ ಬಂದವರು 72 ಮಂದಿ. ಅವರಲ್ಲಿ ಕಂಪನಿಗೂ ಪತ್ರಿಕೆಗಳಿಗೂ ಸಂಬಂಧವಿಲ್ಲದೆ, ಟಿಕೆಟ್ ಕೊಂಡು ಬಂದ ಸಾಮಾನ್ಯ ಪ್ರೇಕ್ಷಕರು ಏಳೇ ಮಂದಿ ಎಂಬುದನ್ನು ಅಭಿಮಾನಿಗಳು ಪುರಾಣದಂತೆ ಹೇಳುತ್ತಾರೆ.

ಸಹೋದ್ಯೋಗಿಯೊಬ್ಬರಿಗೆ ಇಂಟರ್ನೆಟ್ ಲಾಟರಿಯಲ್ಲಿ ಎರಡು ಟಿಕೆಟ್ ಸಿಕ್ಕಿದಾಗ ನಾನೂ ಅವರೊಂದಿಗೆ ಹೋಗಿದ್ದೆ. ಟಿಕೆಟ್ ಸಿಕ್ಕಿದ ಮಾತ್ರಕ್ಕೆ ಒಳ್ಳೆಯ ಸೀಟು ಸಿಗುತ್ತಿರಲಿಲ್ಲ, ಏಕೆಂದರೆ ಒಳಗೆ ಬಿಡುವ ಸರದಿಯನ್ನೂ ಆಗ ಚೀಟಿ ಎತ್ತಿಯೇ ನಿರ್ಧರಿಸುತ್ತಿದ್ದರು. ಹತ್ತು ಹತ್ತು ಜನರ ಸಾಲುಗಳಲ್ಲಿ ನಿಂತಿದ್ದೆವು, ಸಿಬ್ಬಂದಿ ಸಂಖ್ಯೆ ಕೂಗುತ್ತಿದ್ದರು, ಆ ಸಂಖ್ಯೆಯ ಸಾಲಿನವರು ಬೇಗ ಬೇಗ ಆದರೆ ಓಡದೆ ಒಳಗೆ ಹೋಗಬೇಕಿತ್ತು. ನಮ್ಮ ಸಾಲು ಬಹಳ ತಡವಾಗಿ ಬಂತು. ವೇದಿಕೆಯ ಎದುರಿಗೆ ಎಡಬಲಗಳಲ್ಲಿ ಎರಡು ದಪ್ಪ ಕಂಬಗಳಿವೆ, ಕಟ್ಟಡದ ಭಾರ ಹೊತ್ತಿರುವ ಅವನ್ನು ತೆಗೆಯುವಂತಿಲ್ಲ. ನಮಗೆ ಸಿಕ್ಕಿದ್ದು ಅದರಲ್ಲೊಂದರ ಹಿಂದೆ. ನನ್ನ ಮುಂದೆ ನಿಂತಿದ್ದ ಮಧ್ಯವಯಸ್ಕರೊಬ್ಬರು ಕಚೇರಿಯ ಕೋಟನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು, ಕೊರಳಿಗೆ ಟವೆಲ್ ಸುತ್ತಿಕೊಂಡು, ಎರಡು ಪೆನ್‌ಲೈಟುಗಳ ಗುಂಡಿ ಒತ್ತಿ ಒತ್ತಿ ತಮ್ಮ ಹುಡುಗಿಯ ಬಣ್ಣಗಳಿಗೆ ಹೊಂದಿಸಿಕೊಂಡರು. ಹದಿನಾರು ಹುಡುಗಿಯರ ಪೈಕಿ ಅವರು ನೋಡಲು ಬಂದದ್ದು ಒಬ್ಬಳನ್ನು. ಆಕೆ ಕಂಬದ ಆಚೆ ಹೋದಾಗ ಅವರು ಇಡೀ ದೇಹವನ್ನು ಎಡಕ್ಕೆ ಬಾಗಿಸುತ್ತಿದ್ದರು, ಈಚೆ ಬಂದಾಗ ನೆಟ್ಟಗಾಗುತ್ತಿದ್ದರು. ಹಾಡಿನ ಆರಂಭದಲ್ಲಿ ಎಲ್ಲರೂ ಒಕ್ಕೊರಲಿನಿಂದ ಕೂಗುವ ಅರ್ಥವಿಲ್ಲದ ಪದಗಳ ಸರಮಾಲೆಯನ್ನು ಅವರು ಒಂದಕ್ಷರವೂ ತಪ್ಪದಂತೆ ಕೂಗಿದರು. ಆ ಹುಡುಗಿ ನೃತ್ಯದಲ್ಲಿ ಅಷ್ಟೇನೂ ಚುರುಕಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಳೆದ ವರ್ಷ ಹೇಗಿದ್ದಳು, ಈಗ ಹೇಗಾಗಿದ್ದಾಳೆ ಎಂಬುದಷ್ಟೇ ಅವರ ಲೆಕ್ಕ.

ಜಪಾನಿನ ಅಭಿಮಾನಿ ಹಣ ಕೊಟ್ಟು ಪಡೆಯುವುದು ಈ ಬೆಳವಣಿಗೆಯ ಸಾಕ್ಷಿಯಾಗುವ ಅವಕಾಶವನ್ನು. 2020ರಲ್ಲಿ ಕೊರೊನಾ ಬರುವವರೆಗೆ ಸಿ.ಡಿ.ಯೊಳಗೆ ಕೈಕುಲುಕುವ ಚೀಟಿ ಇರುತ್ತಿತ್ತು. ಒಂದು ಚೀಟಿಗೆ ಕೆಲವೇ ಸೆಕೆಂಡುಗಳು, ಅದು ಮುಗಿದೊಡನೆ ಪಕ್ಕದಲ್ಲಿ ನಿಂತ ಸಿಬ್ಬಂದಿ ಭುಜ ಹಿಡಿದು ಮುಂದಕ್ಕೆ ಸರಿಸುತ್ತಿದ್ದರು. ನನ್ನ ಸಹೋದ್ಯೋಗಿ ಆ ಸೆಕೆಂಡುಗಳಲ್ಲಿ ಹೇಳಬೇಕಾದ ವಾಕ್ಯವನ್ನು ರೈಲಿನಲ್ಲಿ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದರಂತೆ. 2009ರಿಂದ 2018ರವರೆಗೆ ಎಕೆಬಿ48 ಪ್ರತಿವರ್ಷ ನಡೆಸಿದ ಚುನಾವಣೆಯಲ್ಲಿ ಸಿ.ಡಿ.ಗೆ ಒಂದರಂತೆ ಮತ ಸಿಗುತ್ತಿತ್ತು, ಮತಗಳ ಸಂಖ್ಯೆಗೆ ತಕ್ಕಂತೆ ಮುಂದಿನ ಹಾಡಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ತೀರ್ಮಾನವಾಗುತ್ತಿತ್ತು. 2011ರಲ್ಲಿ 1,39,892 ಮತ ಪಡೆದು ಗೆದ್ದ ಮಾಯೆದಾ ಅತ್ಸುಕೊ, ನನ್ನನ್ನು ದ್ವೇಷಿಸಿದರೂ ಚಿಂತೆಯಿಲ್ಲ, ಎಕೆಬಿ48 ಅನ್ನು ಮಾತ್ರ ದ್ವೇಷಿಸಬೇಡಿ ಎಂದು ಕಣ್ಣೀರಿಟ್ಟು ಬೇಡಿಕೊಂಡದ್ದು ಯಾರ ಎದುರಿಗೆ ಎಂಬುದನ್ನು ಗಮನಿಸಬೇಕು. ಅದೇ ತಂಡದ ಇನ್ನೊಬ್ಬ ಹುಡುಗಿಯ ಅಭಿಮಾನಿಗಳ ಎದುರಿಗೆ. ಅಂದರೆ ಪೈಪೋಟಿಯೆಲ್ಲ ಮನೆಯೊಳಗೆ, ಅಕ್ಕತಂಗಿಯರ ನಡುವೆ. ಮುಂದಿನ ವರ್ಷ ಆಕೆ ತಂಡ ಬಿಟ್ಟಳು. ಟೋಕಿಯೊ ಡೋಮ್‌ನಲ್ಲಿ ದೊಡ್ಡ ಕಾರ್ಯಕ್ರಮಗಳಾದ ಮೇಲೆ ಕೊನೆಯ ಪ್ರದರ್ಶನ ಅದೇ ಎರಡು ಕಂಬಗಳ ಪುಟ್ಟ ರಂಗಮಂದಿರದಲ್ಲಿ ನಡೆಯಿತು, ಅದರ ಟಿಕೆಟ್ಟಿಗಾಗಿ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು.

ಕೊರಿಯಾದಲ್ಲಿ ಪೈಪೋಟಿ ಮೊದಲಿನಿಂದಲೂ ಬೀದಿಯಲ್ಲಿತ್ತು. ಲೀ ಸೂ-ಮಾನ್ ಅವರ ಎಸ್‌ಎಂ ಎಂಟರ್‌ಟೇನ್‌ಮೆಂಟ್ 1996ರಲ್ಲಿ ಎಚ್‌ಒಟಿ ಎಂಬ ಐವರು ಹುಡುಗರ ತಂಡವನ್ನು ಹೊರತಂದಾಗ ಅವರ ಅಭಿಮಾನಿಗಳು ಬಿಳಿಯ ಬಲೂನು ಹಿಡಿದರು. ಮರುವರ್ಷ ಎದುರಾಳಿಗಳಾಗಿ ಬಂದ ಸೆಕ್ಸ್‌ಕೀಸ್‌ನವರ ಬಲೂನು ಹಳದಿ, ಆಮೇಲಿನ ಜಿಒಡಿಯವರದು ಆಕಾಶನೀಲಿ, ಶಿನ್ಹ್ವಾದವರದು ಕಿತ್ತಳೆ. ಹಲವು ತಂಡಗಳು ಒಟ್ಟಿಗೆ ಹಾಡುವ ಡ್ರೀಮ್ ಕಾನ್ಸರ್ಟ್‌ನಲ್ಲಿ ಕ್ರೀಡಾಂಗಣದ ಯಾವ ಭಾಗ ಯಾರ ಬಣ್ಣ ಎಂಬುದು ಗಡಿರೇಖೆ ಎಳೆದಂತೆ ಕಾಣುತ್ತಿತ್ತು. 2008ರ ಡ್ರೀಮ್ ಕಾನ್ಸರ್ಟ್‌ನಲ್ಲಿ ಗರ್ಲ್ಸ್ ಜನರೇಶನ್ ವೇದಿಕೆಗೆ ಬಂದಾಗ ಬೇರೆ ತಂಡಗಳ ಅಭಿಮಾನಿಗಳು ಮಾತಾಡಿಕೊಂಡವರಂತೆ ತಮ್ಮ ದೀಪಗಳನ್ನು ಆರಿಸಿ ಮೌನವಾಗಿ ಕುಳಿತರು. ಅಷ್ಟು ಸಾವಿರ ಜನರ ಕತ್ತಲೆಯ ಎದುರಿಗೆ ಆ ಹುಡುಗಿಯರು ನಗುತ್ತ ಹಾಡಿ ಮುಗಿಸಬೇಕಾಯಿತು.

ಬಲೂನುಗಳ ಜಾಗಕ್ಕೆ ಈಗ ಲೈಟ್‌ಸ್ಟಿಕ್ ಎಂಬ ದೀಪದ ಕೋಲು ಬಂದಿದೆ. ದೊಡ್ಡ ತಂಡಗಳ ಲೈಟ್‌ಸ್ಟಿಕ್‌ಗಳನ್ನು ಫೋನಿನ ಬ್ಲೂಟೂತ್ ಮೂಲಕ ಸೀಟಿನ ಸಂಖ್ಯೆಗೆ ಜೋಡಿಸುತ್ತಾರೆ, ಆಮೇಲೆ ಬಣ್ಣ ಬದಲಿಸುವ ಅಧಿಕಾರ ಕೈಯಲ್ಲಿ ಹಿಡಿದವರಿಗೆ ಇರುವುದಿಲ್ಲ, ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಇರುತ್ತದೆ. ಇಡೀ ಕ್ರೀಡಾಂಗಣ ಒಂದೇ ಕ್ಷಣದಲ್ಲಿ ನೇರಳೆಯಾಗುತ್ತದೆ, ಮರುಕ್ಷಣ ಅಲೆಯಂತೆ ಬಿಳಿಯಾಗುತ್ತದೆ. ನೋಡಲು ಅದ್ಭುತವೇ ಸರಿ. ಜಪಾನಿನ ಸಭಾಂಗಣವೊಂದರಲ್ಲಿ ಮೇಲಿನ ಸಾಲಿನಿಂದ ಕೆಳಗೆ ನೋಡಿದರೆ ಕೆಂಪು, ಹಳದಿ, ಹಸಿರು, ನೀಲಿ ಚುಕ್ಕೆಗಳು ಕಲಸಿಕೊಂಡಿರುತ್ತವೆ, ಪ್ರತಿಯೊಬ್ಬರೂ ತಮ್ಮ ಒಬ್ಬನ ಅಥವಾ ಒಬ್ಬಳ ಬಣ್ಣವನ್ನು ತಾವೇ ಆರಿಸಿಕೊಂಡಿರುತ್ತಾರೆ. ಹುಡುಗರ ತಂಡಗಳನ್ನು ಕಟ್ಟುತ್ತಿದ್ದ ಜಾನೀಸ್ ಎಂಬ ಕಂಪನಿಯ ತಂಡಗಳ ಕಾರ್ಯಕ್ರಮಗಳಲ್ಲಿ ದೊಡ್ಡ ಬೀಸಣಿಗೆಗೆ ಹುಡುಗನ ಹೆಸರನ್ನೋ, ಇತ್ತ ಕೈ ಬೀಸು ಎಂಬ ಕೋರಿಕೆಯನ್ನೋ ಅಂಟಿಸಿ ಹಿಡಿಯುತ್ತಾರೆ. ಆದರೆ ಅದನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿದರೆ ಹಿಂದಿನವರಿಗೆ ಅಡ್ಡವಾಗುತ್ತದೆಂಬ ನಿಯಮವನ್ನು ಹೊಸಬರಿಗೆ ಹಳಬರೇ ಕಲಿಸುತ್ತಾರೆ. ಬಣ್ಣದ ಈ ಒಂದು ವ್ಯತ್ಯಾಸದಲ್ಲಿ ಉಳಿದದ್ದೆಲ್ಲ ಅಡಗಿದೆ ಎಂದು ನನಗೆ ಅನಿಸುತ್ತದೆ. ಇಲ್ಲಿ ಅಭಿಮಾನಿಯ ನಿಷ್ಠೆ ವ್ಯಕ್ತಿಗೆ, ಅಲ್ಲಿ ಮೊದಲು ತಂಡದ ಬಾವುಟಕ್ಕೆ.

ಬಾವುಟ ಎಂದ ಮೇಲೆ ದುಡಿಮೆಯೂ ಇರಲೇಬೇಕು. ಕೊರಿಯಾದ ಟಿವಿ ವಾಹಿನಿಗಳು ವಾರವಾರ ನಡೆಸುವ ಮ್ಯೂಸಿಕ್ ಬ್ಯಾಂಕ್, ಇನ್ಕಿಗಾಯೊ, ಎಂ ಕೌಂಟ್‌ಡೌನ್ ಮುಂತಾದ ಕಾರ್ಯಕ್ರಮಗಳಲ್ಲಿ ವಾರದ ವಿಜೇತರನ್ನು ನಿರ್ಧರಿಸಲು ಡಿಜಿಟಲ್ ಕೇಳುವಿಕೆ, ಆಲ್ಬಮ್ ಮಾರಾಟ, ವಿಡಿಯೊ ವೀಕ್ಷಣೆ, ನೇರ ಮತದಾನ ಎಲ್ಲವನ್ನೂ ಕೂಡಿಸುತ್ತಾರೆ. ಅವುಗಳ ಮುಂಚಿತ ಚಿತ್ರೀಕರಣ ಬೆಳಗಿನ ಜಾವಕ್ಕೇ ನಡೆಯುವುದುಂಟು. ಅಭಿಮಾನಿಗಳು ಕತ್ತಲಲ್ಲೇ ಸ್ಟುಡಿಯೊ ಹೊರಗೆ ಸಾಲು ನಿಂತು, ಆಲ್ಬಮ್ ಕೊಂಡದ್ದಕ್ಕೆ, ಮೆಲಾನ್ ಆ್ಯಪ್‌ನಲ್ಲಿ ಹಾಡು ಕೇಳಿದ್ದಕ್ಕೆ, ಫ್ಯಾನ್‌ಕ್ಲಬ್ ಸದಸ್ಯತ್ವಕ್ಕೆ ಪುರಾವೆ ತೋರಿಸಿ, ಅಧಿಕೃತ ಲೈಟ್‌ಸ್ಟಿಕ್ ಕೈಯಲ್ಲಿದೆಯೆಂದು ಖಾತ್ರಿಪಡಿಸಿ ಒಳಗೆ ಹೋಗಬೇಕು. ಯಾವ ಸಾಲಿನ ನಂತರ ಯಾವ ಹೆಸರನ್ನು ಕೂಗಬೇಕೆಂಬುದನ್ನು ಕಂಪನಿಯೇ ಮುಂಚಿತವಾಗಿ ಪ್ರಕಟಿಸಿರುತ್ತದೆ. ಮೈಸೂರಿನ ನನ್ನ ಅಕ್ಕನ ಮಗಳಿಗೆ ಸಾಲು ನಿಲ್ಲುವ ಭಾಗ್ಯವಿಲ್ಲ, ಆದ್ದರಿಂದ ಆಕೆ ಯೂಟ್ಯೂಬಿನಲ್ಲಿ ದುಡಿಯುತ್ತಾಳೆ. ಕೊರಿಯಾದ ಮಧ್ಯಾಹ್ನ ಒಂದು ಗಂಟೆಗೆ ಅವಳ ಮೆಚ್ಚಿನ ಬಿಟಿಎಸ್ ತಂಡದ ಹಾಡು ಬಿಡುಗಡೆಯಾದರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ, ಕಾಲೇಜಿನ ಮೊದಲ ಪೀರಿಯಡ್. ಸುಮ್ಮನೆ ಒಂದೇ ವಿಡಿಯೊ ಹಾಕಿಕೊಂಡು ಕೂರಬಾರದಂತೆ. ನಡುವೆ ಬೇರೆ ಎರಡು ಮೂರು ವಿಡಿಯೊ ನೋಡಿ, ಮತ್ತೆ ಹುಡುಕಿ, ಧ್ವನಿ ಪೂರ್ತಿ ಆರಿಸದೆ ನೋಡಬೇಕಂತೆ, ಇಲ್ಲದಿದ್ದರೆ ಎಣಿಕೆಗೆ ಬರುವುದಿಲ್ಲವಂತೆ. "ಇಷ್ಟೆಲ್ಲ ಮಾಡಿದರೆ ಹಾಡು ಕೇಳುವುದು ಯಾವಾಗ ಪುಟ್ಟಾ?" ಎಂದು ಕೇಳಿದರೆ, "ಮೊದಲ ವಾರ ಕೇಳೋದಲ್ಲ ಚಿಕ್ಕಮ್ಮ, ಓಡಿಸೋದು. ಆಮೇಲೆ ಆರಾಮಾಗಿ ಕೇಳ್ತೀನಿ" ಎಂದಳು. 2020ರಲ್ಲಿ ಬಿಟಿಎಸ್ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿದ ಮೊದಲ ಕೊರಿಯನ್ ತಂಡವಾದಾಗ ಅದರಲ್ಲಿ ತನ್ನದೂ ಪಾಲಿದೆಯೆಂದು ಆಕೆ ನಂಬಿದ್ದು ಪೂರ್ತಿ ಭ್ರಮೆಯೇನಲ್ಲ.

ಈ ಬಹಿರ್ಮುಖತೆಗೆ ಮಾರುಕಟ್ಟೆಯ ಕಾರಣವೂ ಇದೆ. ಜಪಾನಿನ ಸಂಗೀತ ಮಾರುಕಟ್ಟೆ ಅಮೆರಿಕದ ನಂತರ ಜಗತ್ತಿನಲ್ಲಿ ಎರಡನೆಯದು, ಇಲ್ಲಿನವರು ಇಂದಿಗೂ ಸಿ.ಡಿ. ಕೊಳ್ಳುತ್ತಾರೆ, ಹೊರಗಿನವರಿಗೆ ಹಾಡು ತಲುಪದಿದ್ದರೂ ಕಂಪನಿಗಳಿಗೆ ನಷ್ಟವಿರಲಿಲ್ಲ. ಜಾನೀಸ್ ಕಂಪನಿಯಂತೂ 2018ರವರೆಗೆ ಸುದ್ದಿ ಜಾಲತಾಣಗಳಲ್ಲಿ ತನ್ನ ಹುಡುಗರ ಫೋಟೊ ಹಾಕಲೂ ಬಿಡುತ್ತಿರಲಿಲ್ಲ. ಸುಮಾರು ಐದು ಕೋಟಿ ಜನರ ಕೊರಿಯಾಕ್ಕೆ ಆ ಐಷಾರಾಮ ಇರಲಿಲ್ಲ. ಅದರ ಕಂಪನಿಗಳು ಮೊದಲು ಹೊರಟದ್ದೇ ಜಪಾನಿಗೆ. ವಸಾಹತು ಕಾಲದ ನೆನಪಿನಿಂದಾಗಿ ಜಪಾನೀ ಜನಪ್ರಿಯ ಸಂಸ್ಕೃತಿಗೆ ಹಾಕಿದ್ದ ನಿಷೇಧವನ್ನು ಕೊರಿಯಾ ಸಡಿಲಿಸತೊಡಗಿದ್ದು 1998ರಲ್ಲಿ, ಜಪಾನೀ ಭಾಷೆಯ ಆಲ್ಬಮ್‌ಗಳ ಮಾರಾಟಕ್ಕೆ ಬಾಗಿಲು ತೆರೆದದ್ದು 2004ರಲ್ಲಿ. ಅಷ್ಟರಲ್ಲಾಗಲೇ ಕೊರಿಯಾದ ಹುಡುಗಿ ಬೊಆ ಜಪಾನೀ ಕಲಿತು, 2002ರಲ್ಲಿ ಒರಿಕಾನ್ ಪಟ್ಟಿಯ ಮೇಲ್ತುದಿಯಲ್ಲಿ ಕುಳಿತಿದ್ದಳು.

ಕಸದ ವಿಷಯದಲ್ಲಿ ಮಾತ್ರ ಎರಡೂ ದೇಶಗಳು ಸಮಾನ. 2017ರಲ್ಲಿ ಫುಕುವೊಕಾ ಪ್ರಾಂತ್ಯದ ಗುಡ್ಡವೊಂದರಲ್ಲಿ ಎಕೆಬಿ48 ತಂಡದ 585 ಸಿ.ಡಿ.ಗಳನ್ನು ಎಸೆದದ್ದಕ್ಕಾಗಿ ಒಬ್ಬನ ಮೇಲೆ ಕೇಸು ಬಿತ್ತು, ಮತ ತೆಗೆದುಕೊಂಡ ಮೇಲೆ ಉಳಿದ ಪ್ಲಾಸ್ಟಿಕ್ಕನ್ನು ಇಡಲು ಅವನಿಗೆ ಜಾಗವಿರಲಿಲ್ಲ. ಕೊರಿಯಾದಲ್ಲಿ ಆಲ್ಬಮ್‌ನೊಳಗೆ ಯಾವ ಸದಸ್ಯನ ಫೋಟೊಕಾರ್ಡ್ ಇದೆಯೆಂಬುದು ಒಡೆಯುವವರೆಗೂ ತಿಳಿಯುವುದಿಲ್ಲ, ಹಸ್ತಾಕ್ಷರ ಸಮಾರಂಭದ ಲಾಟರಿಗೆ ಪ್ರತಿ ಆಲ್ಬಮ್ಮೂ ಒಂದು ಚೀಟಿ. 2023ರಲ್ಲಿ ಸ್ಟ್ರೇ ಕಿಡ್ಸ್ ತಂಡದ ಆಲ್ಬಮ್ ಮೊದಲ ವಾರದಲ್ಲೇ 46 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅವುಗಳಲ್ಲಿ ಪ್ಲೇಯರ್‌ಗೆ ಹಾಕಿ ಕೇಳಿದವು ಎಷ್ಟಿರಬಹುದೆಂದು ಊಹಿಸಲು ನನಗೆ ಧೈರ್ಯ ಸಾಲದು.

ಹೀಗೆ ಹೊರಗಿನ ಶತ್ರುವನ್ನು ಸೋಲಿಸಲೆಂದೇ ಕಟ್ಟಿದ ಅಭಿಮಾನಕ್ಕೆ ಅಂತ್ಯ ಬಂದಾಗ ಏನಾಗುತ್ತದೆ? 2001ರ ಮೇ ತಿಂಗಳಲ್ಲಿ ಎಚ್‌ಒಟಿ ಒಡೆದಾಗ ವಿದಾಯದ ಕಾರ್ಯಕ್ರಮವೆಂಬುದೇ ಇರಲಿಲ್ಲ, ಸದಸ್ಯರಲ್ಲಿ ಮೂವರು ಕಂಪನಿ ಬಿಟ್ಟರೆಂಬ ಸುದ್ದಿಯಷ್ಟೇ ಇತ್ತು. ಅಂದು ಶಾಲೆಯಲ್ಲಿದ್ದ ಹುಡುಗಿಯರು, ತಾವೇ ತಾಯಂದಿರಾಗುವ ವಯಸ್ಸಿಗೆ ಬಂದ ಮೇಲೆ, 2018ರ ಅಕ್ಟೋಬರಿನಲ್ಲಿ ಸೋಲ್‌ನ ಜಾಮ್‌ಶಿಲ್ ಒಲಿಂಪಿಕ್ ಕ್ರೀಡಾಂಗಣಕ್ಕೆ ಮತ್ತೆ ಬಿಳಿಯ ಬಣ್ಣ ತುಂಬಿಸಿದರು. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು ತಮ್ಮ 13 ವರ್ಷದ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಏಳು ವರ್ಷದ ಮಾದರಿ ಕರಾರನ್ನು ರೂಪಿಸಿತು. ಕಲಾವಿದರ ಹಿತಕ್ಕೆ ಬಂದ ಒಳ್ಳೆಯ ನಿಯಮವದು, ಆದರೆ ಅದರಿಂದಾಗಿ ಪ್ರತಿಯೊಂದು ತಂಡಕ್ಕೂ ಏಳನೆಯ ವರ್ಷವೆಂಬ ಗಂಡಾಂತರ ಹುಟ್ಟಿಕೊಂಡಿತು. ಆರೂವರೆ ವರ್ಷ ಕಳೆದೊಡನೆ ಅಭಿಮಾನಿಗಳು ಕಂಪನಿಯ ಪ್ರತಿಯೊಂದು ಪ್ರಕಟಣೆಯನ್ನೂ ಜಾತಕ ಓದಿದಂತೆ ಓದತೊಡಗುತ್ತಾರೆ. 2021ರ ಮೇ 18ರಂದು ಜಿಫ್ರೆಂಡ್ ತಂಡದ ಕರಾರು ಮುಂದುವರಿಯುವುದಿಲ್ಲವೆಂದು ತಿಳಿಸಿದ ಕಂಪನಿ, ಕರಾರು ಮುಗಿಯುವುದು 22ಕ್ಕೆ ಎಂದೂ ತಿಳಿಸಿತು. ಆರು ವರ್ಷ ಕೂಗಿದ ಹೆಸರುಗಳಿಗೆ ವಿದಾಯ ಹೇಳಲು ಸಿಕ್ಕಿದ ಕಾಲಾವಕಾಶ ಅಷ್ಟೆ. ಇದೇ ಮಾತನ್ನು ಜಪಾನಿನ ಸಹೋದ್ಯೋಗಿಗೆ ಹೇಳಿದಾಗ ಆಕೆ ನಂಬಲಿಲ್ಲ, ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಹಾಗೆಂದು ಜಪಾನಿನ ಪದವಿ ಸಮಾರಂಭಗಳ ಸೊಬಗಿಗೆ ಮರುಳಾಗಿ ಇಲ್ಲಿ ಎಲ್ಲವೂ ಸೊಗಸೆಂದು ಹೇಳಲಾರೆ. ಚೆಂದದ ವಿದಾಯ ಕಂಪನಿಗೂ ಬಹಳ ಅನುಕೂಲಕರ. ಹುಡುಗಿ ಹೋದರೂ ಹೆಸರು ಉಳಿಯುತ್ತದೆ, ಹೊಸಬಳಿಗೆ ಹಳೆಯ ಹಾಡುಗಳನ್ನೇ ಕೊಡಬಹುದು, ಕಳುಹಿಸಿಕೊಡುವ ದುಃಖವೂ ಟಿಕೆಟ್ಟಾಗಿ ಮಾರಾಟವಾಗುತ್ತದೆ. ಬೆಳೆಯುವುದನ್ನು ನೋಡುತ್ತೇನೆಂಬ ಅಭಿಮಾನಿಯ ವಾತ್ಸಲ್ಯದೊಳಗೆ ಬೆಳೆದುಬಿಡಬಾರದೆಂಬ ಷರತ್ತೂ ಇರುತ್ತದೆ. 2013ರಲ್ಲಿ ಎಕೆಬಿ48ರ ಮಿನೆಗಿಶಿ ಮಿನಾಮಿ ಒಬ್ಬ ಯುವಕನ ಮನೆಯಲ್ಲಿ ರಾತ್ರಿ ಕಳೆದಳೆಂದು ವಾರಪತ್ರಿಕೆಯೊಂದು ಬರೆದಾಗ, ಇಪ್ಪತ್ತು ವರ್ಷದ ಆ ಹುಡುಗಿ ತಲೆ ಬೋಳಿಸಿಕೊಂಡು, ಕ್ಯಾಮೆರಾದ ಎದುರು ಬಾಗಿ ಅಳುತ್ತ ಕ್ಷಮೆ ಕೇಳಿದಳು, ಕಂಪನಿ ಅವಳನ್ನು ತರಬೇತಿಯವರ ಸಾಲಿಗೆ ಇಳಿಸಿತು. ಕೊರಿಯಾದಲ್ಲಿ 2024ರಲ್ಲಿ ಎಸ್ಪಾ ತಂಡದ ಕರೀನಾ ನಟನೊಬ್ಬನನ್ನು ಪ್ರೀತಿಸುತ್ತಿದ್ದಾಳೆಂದು ತಿಳಿದಾಗ ಅಭಿಮಾನಿಗಳು ಕಂಪನಿಯ ಕಟ್ಟಡದೆದುರಿಗೆ ಎಲ್‌ಇಡಿ ಪರದೆಯ ಲಾರಿ ನಿಲ್ಲಿಸಿದರು, ಆಕೆ ಕೈಬರಹದ ಕ್ಷಮಾಪಣೆ ಪತ್ರ ಬರೆದಳು. ಹನ್ನೊಂದು ವರ್ಷಗಳ ಅಂತರದ ಈ ಎರಡು ಕ್ಷಮಾಪಣೆಗಳ ನಡುವೆ ನನಗೆ ಕಾಣುವ ವ್ಯತ್ಯಾಸ ಸಣ್ಣದು. ಮಿನೆಗಿಶಿಯಂತೂ ಎಲ್ಲ ಸಹಿಸಿ ಉಳಿದು, ಮೊದಲ ತಲೆಮಾರಿನ ಕೊನೆಯ ಸದಸ್ಯೆಯಾಗಿ 2021ರಲ್ಲಿ ಪದವಿ ಪಡೆದಳು. ಮರುವರ್ಷ ಮದುವೆಯಾದಳು, ಯಾರೂ ಒಂದು ಮಾತಾಡಲಿಲ್ಲ.

ಇದಕ್ಕಿಂತ ಘೋರವಾದದ್ದು ಜಾನೀಸ್ ಕಂಪನಿಯ ಕಥೆ. 1962ರಲ್ಲಿ ಅದನ್ನು ಕಟ್ಟಿದ ಜಾನಿ ಕಿತಾಗಾವಾ ತನ್ನಲ್ಲಿ ತರಬೇತಿಗೆ ಬಂದ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದನೆಂಬ ಆರೋಪದ ಮುಖ್ಯ ಭಾಗ ನಿಜವೆಂದು ಟೋಕಿಯೊ ಹೈಕೋರ್ಟ್ 2003ರಲ್ಲೇ ಹೇಳಿತ್ತು. ಟಿವಿ ವಾಹಿನಿಗಳು ಅದನ್ನು ಸುದ್ದಿ ಮಾಡಲಿಲ್ಲ. ಆತ 2019ರಲ್ಲಿ ತೀರಿಕೊಂಡ. ಬಿಬಿಸಿಯ ಸಾಕ್ಷ್ಯಚಿತ್ರ ಬಂದ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ಕಂಪನಿ ಅದನ್ನು ಒಪ್ಪಿಕೊಂಡಿತು, ಮರುತಿಂಗಳು ತನ್ನ ಹೆಸರನ್ನೇ ಕೈಬಿಟ್ಟಿತು. ಬೀಸಣಿಗೆ ಎತ್ತುವ ಮಟ್ಟದ ಬಗ್ಗೆ ಅಷ್ಟು ಎಚ್ಚರವಿದ್ದ ಅಭಿಮಾನಿ ಸಮುದಾಯದಲ್ಲಿ ಇದು ಪಿಸುಮಾತಾಗಿಯೇ ಉಳಿದಿತ್ತು. ಬೇರೆಯವರಿಗೆ ತೊಂದರೆ ಕೊಡಬಾರದೆಂಬ ಶಿಸ್ತಿಗೆ ಇಂಥ ಮುಖವೂ ಇದೆ. ಕೊರಿಯಾದ ಅಭಿಮಾನಿಗಳ ಗದ್ದಲವನ್ನು ನೋಡಿ ಮೂಗು ಮುರಿಯುವ ನನ್ನ ಜಪಾನೀ ಗೆಳತಿಯರಿಗೆ ನಾನು ಇದನ್ನು ನೆನಪಿಸುವುದುಂಟು. ಆದರೆ ಆ ಗದ್ದಲ ಹೇಗೆ ತಿರುಗಬಹುದೆಂಬುದನ್ನೂ ನೋಡಿದ್ದೇವೆ. ತಾರೆಯ ಹೆಸರಿನಲ್ಲಿ ಅಕ್ಕಿಯ ಮೂಟೆಗಳನ್ನು ಹೂಚಕ್ರಗಳಿಂದ ಅಲಂಕರಿಸಿ, ಆಮೇಲೆ ಆ ಅಕ್ಕಿಯನ್ನು ಬಡವರಿಗೆ ಕೊಡುವ ಸುಂದರ ಪದ್ಧತಿ ಕೊರಿಯಾದ್ದು. 2024ರ ಅಕ್ಟೋಬರಿನಲ್ಲಿ ರೈಜ್ ಎಂಬ ತಂಡದ ಸದಸ್ಯನೊಬ್ಬ ಹತ್ತು ತಿಂಗಳ ವಿರಾಮದ ನಂತರ ಮರಳುತ್ತಾನೆಂದು ಎಸ್‌ಎಂ ಪ್ರಕಟಿಸಿದಾಗ, ಒಲ್ಲದ ಅಭಿಮಾನಿಗಳು ಸೋಲ್‌ನ ಅದರ ಕಚೇರಿಯೆದುರಿಗೆ ಸಾಲು ಸಾಲಾಗಿ ಸಾವಿನ ಮನೆಗೆ ಕಳುಹಿಸುವ ಹೂಚಕ್ರಗಳನ್ನು ತಂದು ನಿಲ್ಲಿಸಿದರು. ಎರಡು ದಿನದೊಳಗೆ ಆ ಹುಡುಗ ತಂಡದಿಂದ ಹೊರನಡೆದ. ಒಬ್ಬನನ್ನು ಕಳುಹಿಸಿಕೊಡುವ ಬೇರೆ ವಿಧಾನ ತಿಳಿಯದವರು ಮಾಡಿದ ಕೆಲಸವದು.

ರಾಜ್‌ಕುಮಾರ್ ಅವರು ಅಭಿಮಾನಿಗಳನ್ನೇ ದೇವರುಗಳೆಂದು ಕರೆದ ನಾಡಿನಿಂದ ಬಂದವಳು ನಾನು. ನಮ್ಮಲ್ಲಿ ತಾರೆ ತೀರಿಕೊಂಡರೂ ಅಭಿಮಾನಿ ಸಂಘ ಮುಗಿಯುವುದಿಲ್ಲ, ಏಪ್ರಿಲ್ 24 ಮತ್ತು ಮಾರ್ಚ್ 17 ಬಂದರೆ ಅನ್ನದಾನ, ರಕ್ತದಾನ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಗೊತ್ತಾದ ದಿನಾಂಕಕ್ಕೆ ಮುಗಿಯುವ ಅಭಿಮಾನವನ್ನು ಅರ್ಥಮಾಡಿಕೊಳ್ಳಲು ನನಗೆ ಇಲ್ಲಿ ಬಹಳ ಕಾಲ ಬೇಕಾಯಿತು. ಅದು ಅರ್ಥವಾದದ್ದು ಸ್ಮ್ಯಾಪ್ ತಂಡದ ಪ್ರಕರಣದಲ್ಲಿ. ಕಾಲು ಶತಮಾನ ಜಪಾನಿನ ಟಿವಿಯನ್ನು ಆಳಿದ ಆ ಐವರು 2016ರ ಆಗಸ್ಟಿನಲ್ಲಿ, ವರ್ಷಾಂತ್ಯಕ್ಕೆ ತಂಡ ವಿಸರ್ಜನೆಯಾಗುತ್ತದೆಂದು ಫ್ಯಾಕ್ಸ್ ಮೂಲಕ ತಿಳಿಸಿದರು. ವಿದಾಯದ ಸಂಗೀತ ಕಾರ್ಯಕ್ರಮವಿಲ್ಲ, ಮೈಕು ಕೆಳಗಿಡುವ ಕ್ಷಣವಿಲ್ಲ. ಜಪಾನೀ ಅಭಿಮಾನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆಗ ಅಭಿಮಾನಿಗಳು ತಂಡದ 2003ರ ಪ್ರಸಿದ್ಧ ಸಿಂಗಲ್ ಒಂದನ್ನು ಮತ್ತೆ ಮತ್ತೆ ಕೊಂಡು, ಅದರ ಒಟ್ಟು ಮಾರಾಟ ಮೂವತ್ತು ಲಕ್ಷ ದಾಟುವಂತೆ ಮಾಡಿದರು. ಡಿಸೆಂಬರ್ 30ರಂದು ಅಸಾಹಿ ಶಿಂಬುನ್ ಪತ್ರಿಕೆಯ ಎಂಟು ಪುಟಗಳಲ್ಲಿ ಧನ್ಯವಾದದ ಜಾಹೀರಾತು ಬಂತು, ಅದಕ್ಕೆ ಹಣ ಕೂಡಿಸಿದವರು 13,000ಕ್ಕೂ ಹೆಚ್ಚು ಅಭಿಮಾನಿಗಳು. ಕಂಪನಿ ಕೊಡದ ವಿದಾಯವನ್ನು ಅವರು ತಾವೇ ಮಾಡಿಕೊಂಡರು.

ಇದರ ಪಕ್ಕದಲ್ಲಿ ಇಡಬೇಕಾದದ್ದು ಐಜೋನ್ ತಂಡದ ಕಥೆ. 2018ರಲ್ಲಿ ಕೊರಿಯಾದ ಎಂನೆಟ್ ವಾಹಿನಿ ಅಕಿಮೊಟೊನ ಎಕೆಬಿ48 ಬಳಗವನ್ನು ಸೇರಿಸಿಕೊಂಡು ನಡೆಸಿದ ಪ್ರೊಡ್ಯೂಸ್ 48 ಸ್ಪರ್ಧೆಯಿಂದ ಹುಟ್ಟಿದ ತಂಡವದು, ಹನ್ನೆರಡು ಹುಡುಗಿಯರಲ್ಲಿ ಮೂವರು ಜಪಾನಿನವರು. ಅಭಿಮಾನಿಗಳ ಮತಗಳನ್ನು ತಿರುಚಲಾಗಿತ್ತೆಂದು 2019ರಲ್ಲಿ ಬಯಲಾಯಿತು, ಅದರ ನಿರ್ಮಾಪಕನಿಗೆ ಜೈಲಾಯಿತು, ಆದರೂ ಅಭಿಮಾನಿಗಳು ಹುಡುಗಿಯರನ್ನು ಬಿಟ್ಟುಕೊಡಲಿಲ್ಲ. ಎರಡೂವರೆ ವರ್ಷದ ಕರಾರೆಂದು ಮೊದಲ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು, ಕೊನೆಯ ಆನ್‌ಲೈನ್ ಕಾರ್ಯಕ್ರಮವೂ ನಡೆಯಿತು. ಅಷ್ಟಾದರೂ 2021ರ ಏಪ್ರಿಲಿನಲ್ಲಿ ಕರಾರು ಮುಗಿಯುವ ಹೊತ್ತಿಗೆ ಅಭಿಮಾನಿಗಳು ತಂಡವನ್ನು ಮತ್ತೆ ಕಟ್ಟಿಸಲೆಂದು ನಿಧಿ ಸಂಗ್ರಹ ಆರಂಭಿಸಿದರು, ನೂರು ಕೋಟಿ ವಾನ್‌ನ ಗುರಿಯನ್ನು ಆರಂಭಿಸಿದ ದಿನವೇ ದಾಟಿದರು. ಕಂಪನಿಗಳು ಒಪ್ಪಲಿಲ್ಲ, ತಂಡ ಮರಳಲಿಲ್ಲ. ಎರಡು ಕಡೆಯವರೂ ಕೈಯಿಂದ ಹಣ ಹಾಕಿದರು. ಒಬ್ಬರು ಹಾಕಿದ್ದು ಹೋಗಿ ಬನ್ನಿ ಎನ್ನಲು, ಇನ್ನೊಬ್ಬರು ಹಾಕಿದ್ದು ಹೋಗಕೂಡದು ಎನ್ನಲು. ಕೊರಿಯಾದ ಅಭಿಮಾನಿಗಳನ್ನು ಈ ವಿಷಯದಲ್ಲಿ ನಾನು ಮೊದಲಿನಷ್ಟು ಕಟುವಾಗಿ ತೂಗುವುದಿಲ್ಲ. ತಂಡವನ್ನು ಕಟ್ಟಿದ್ದು ನಿಮ್ಮ ಮತ, ಗೆಲ್ಲಿಸಿದ್ದು ನಿಮ್ಮ ದುಡಿಮೆ ಎಂದು ಪ್ರತಿ ದಿನ ಹೇಳಿದ ಮೇಲೆ, ಮುಗಿಸುವ ಹಕ್ಕು ಮಾತ್ರ ನಿಮ್ಮದಲ್ಲ ಎಂದರೆ ಯಾರು ಒಪ್ಪುತ್ತಾರೆ?

ಈಚೆಗೆ ಈ ಎರಡು ಪದ್ಧತಿಗಳು ಒಂದರೊಳಗೊಂದು ಸೇರಿಕೊಳ್ಳುತ್ತಿವೆ. ಟೋಕಿಯೊದ ಶಿನ್-ಓಕುಬೊ ನಿಲ್ದಾಣದಲ್ಲಿ ಇಳಿದು ಕೊರಿಯನ್ ಅಂಗಡಿಗಳ ಬೀದಿಯಲ್ಲಿ ನಡೆದರೆ ಜಪಾನೀ ಶಾಲಾ ಹುಡುಗಿಯರು ಫೋಟೊಕಾರ್ಡುಗಳನ್ನು ಪ್ಲಾಸ್ಟಿಕ್ ಲಕೋಟೆಗಳಲ್ಲಿ ಹಾಕಿಕೊಂಡು ರಸ್ತೆಯ ಬದಿಯಲ್ಲೇ ಅದಲುಬದಲು ಮಾಡುತ್ತಿರುತ್ತಾರೆ. ಕೊರಿಯಾದ ಜೆವೈಪಿ ಕಂಪನಿ 2020ರಲ್ಲಿ ಹೊರತಂದ ನಿಜಿಯು ತಂಡದ ಹುಡುಗಿಯರೆಲ್ಲ ಜಪಾನಿಗಾಗಿ ನಡೆದ ಆಯ್ಕೆಯಿಂದ ಬಂದವರು, ತರಬೇತಿ ಕೊರಿಯಾದ್ದು. 2019ರಲ್ಲಿ ಪ್ರೊಡ್ಯೂಸ್ 101 ಎಂಬ ಕೊರಿಯನ್ ಸ್ಪರ್ಧೆಯ ಜಪಾನೀ ಆವೃತ್ತಿ ಬಂದಾಗ, ಅಭಿಮಾನಿಗಳೇ ಹಣ ಕೂಡಿಸಿ ರೈಲು ನಿಲ್ದಾಣಗಳಲ್ಲಿ ಜಾಹೀರಾತು ಹಾಕುವ ಕೊರಿಯಾದ ರೂಢಿ ಟೋಕಿಯೊಗೂ ಬಂತು. ಎಲ್ಲ ಒಂದೇ ಆಗಿಬಿಡುತ್ತದೆಂದು ಹೇಳುವವರಿದ್ದಾರೆ. 2025ರಲ್ಲಿ ನಡೆದದ್ದನ್ನು ನೋಡಿದರೆ ನನಗೆ ಹಾಗೆನಿಸುವುದಿಲ್ಲ.

ಅರಾಶಿ ಎಂಬ ಐವರ ತಂಡ 2019ರ ಜನವರಿಯಲ್ಲೇ, ಮುಂದಿನ ವರ್ಷದ ಕೊನೆಗೆ ವಿರಾಮ ತೆಗೆದುಕೊಳ್ಳುತ್ತೇವೆಂದು ಹೆಚ್ಚುಕಡಿಮೆ ಎರಡು ವರ್ಷ ಮುಂಚಿತವಾಗಿ ತಿಳಿಸಿತ್ತು, ಅಭಿಮಾನಿಗಳಿಗೆ ಸಿದ್ಧರಾಗಲು ಸಮಯ ಬೇಕೆಂಬುದೇ ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು. ಆದರೆ ಕೊರೊನಾದಿಂದಾಗಿ 2020ರ ಡಿಸೆಂಬರ್ 31ರ ಕಾರ್ಯಕ್ರಮವನ್ನು ಪ್ರೇಕ್ಷಕರಿಲ್ಲದೆ ನಡೆಸಬೇಕಾಯಿತು. ಎದುರೆದುರು ನಿಂತು ಹೇಳಬೇಕಾದ ಮಾತು ಬಾಕಿ ಉಳಿಯಿತು. 2025ರ ಮೇ ತಿಂಗಳಲ್ಲಿ ಅವರು, 2026ರ ವಸಂತದಲ್ಲಿ ಒಂದು ಪ್ರವಾಸ ಮಾಡಿ, ಅದರೊಂದಿಗೆ ತಂಡದ ಚಟುವಟಿಕೆಯನ್ನು ಮುಗಿಸುತ್ತೇವೆಂದು ಪ್ರಕಟಿಸಿದರು. ಅಂದರೆ ವಿದಾಯ ಹೇಳುವುದಕ್ಕಾಗಿಯೇ ಅವರು ಮರಳಿ ಬಂದರು. ಅದಾದ ಒಂದು ತಿಂಗಳಿಗೆ ಬಿಟಿಎಸ್‌ನ ಕೊನೆಯ ಸದಸ್ಯನೂ ಕಡ್ಡಾಯ ಸೈನ್ಯಸೇವೆ ಮುಗಿಸಿದ, ಜುಲೈ ಒಂದರಂದು ಏಳೂ ಜನ ಒಟ್ಟಿಗೆ ಕುಳಿತು, 2026ರ ವಸಂತದಲ್ಲಿ ಹೊಸ ಆಲ್ಬಮ್ ಎಂದು ಘೋಷಿಸಿದರು. ಮೈಸೂರಿನಿಂದ ಆ ರಾತ್ರಿಯೇ ಕರೆ ಬಂತು, ಟೋಕಿಯೊದಲ್ಲಿ ಕಾರ್ಯಕ್ರಮವಾದರೆ ಚಿಕ್ಕಮ್ಮನ ಮನೆಯಲ್ಲಿ ಒಂದು ಹಾಸಿಗೆ ಕಾದಿರಿಸಬೇಕಂತೆ. ನನ್ನ ಸಹೋದ್ಯೋಗಿ ಅರಾಶಿಯ ಲಾಟರಿಗೆ ತನ್ನ ಹೆಸರಿನ ಜೊತೆ ತಾಯಿಯ ಹೆಸರನ್ನೂ ಸೇರಿಸಿ ಅರ್ಜಿ ಹಾಕುವುದೆಂದು ತೀರ್ಮಾನಿಸಿದಳು, ತಂಡ ಶುರುವಾದ 1999ರಲ್ಲಿ ಅವಳಿಗೆ ಮೊದಲ ಸಿ.ಡಿ. ಕೊಡಿಸಿದ್ದು ಆ ತಾಯಿಯೇ.